ಹಗ್ಗದ ಖಾತೆ

ಹತ್ತೊಂಬತ್ತು ವರ್ಷ ಅವರ ಲೆಕ್ಕ ಬರೆದೆ.
ಅವರನ್ನು ಕಂಡದ್ದು ಮೂರೇ ಸಲ.
ಒಂದು ಸಲ ಬೆನ್ನು, ಒಂದು ಸಲ ಬಿಳಿ ಬಟ್ಟೆ.

ಶಾರ್ಜಾದ ಖೋರಿನ ದಂಡೆಗೆ ನಮ್ಮ ಕಚೇರಿ.
ಕೆಳಗೆ ಮಂಜಿಗಳು ಒಂದಕ್ಕೊಂದು ಮೈಯೊರಗಿ
ಈರುಳ್ಳಿ, ಟೈರು, ಹಳೇ ಫ್ರಿಜ್ಜು ಹೊತ್ತು ತೂಗುತ್ತಿದ್ದವು.
ನಾಲ್ಕನೇ ಮಾಳಿಗೆಯಲ್ಲಿ ಅವರ ಕೋಣೆ,
ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇರಲಿಲ್ಲ.

ಘಾನಿಮ್ ಬಿನ್ ಮಿಫ್ತಾಹ್. ಹಡಗು ಹನ್ನೊಂದು, ಫೋಟೋ ಒಂದೂ ಇಲ್ಲ.
ಬ್ಯಾಂಕಿನವರು ಪರದೆಯಾಚೆಯ ಕೆಮ್ಮಿಗೆ ಸಲಾಮು ಹೊಡೆದು
ಸಹಿ ಇಸಿದುಕೊಂಡು ಹೋಗುತ್ತಿದ್ದರು.
ಬಂದರಿನ ತುಂಬ ಕಥೆ:
ಮೈಗೆಲ್ಲ ತೊನ್ನಂತೆ, ಇಬ್ಬರು ಹೆಂಡಿರ ಕಾಟವಂತೆ,
ಮುತ್ತು ನುಂಗಿ ಮಾತು ಹೋಯಿತಂತೆ.
ಚಾ ತರುವ ಕುಂಞಬ್ದುಲ್ಲ ಮಾತ್ರ,
"ಅವರಿಗೆ ಜನ ಅಂದ್ರೆ ನಾಚಿಕೆ, ಅಷ್ಟೆ" ಅನ್ನುತ್ತಿದ್ದ.

ನಾನು ಹರಿಕಂತ್ರರವನು,
ಹೊನ್ನಾವರದ ಅಳಿವೆಯಲ್ಲಿ ಅಪ್ಪನ ಬಲೆಗೆ ಹುರಿ ಹೊಸೆದ ಕೈ.
ಒಂದು ಹಡಗು ವರ್ಷಕ್ಕೆ ಎಷ್ಟು ಹಗ್ಗ ತಿನ್ನುತ್ತದೆಂದು
ಯಾರೂ ಹೇಳಿಕೊಡಬೇಕಿಲ್ಲ.
ಮೊದಲ ತಿಂಗಳೇ ಪೆನ್ನು ನಿಂತುಬಿಟ್ಟಿತು.

ಹಗ್ಗ, ನಾಲ್ಕು ಸಾವಿರದ ಇನ್ನೂರು ದಿರ್ಹಮ್.
ಹಗ್ಗ, ಒಂಬೈನೂರು.
ಹಗ್ಗ, ಮೂವತ್ತೊಂದು ಸಾವಿರ, ತುರ್ತು.

ಗೋದಾಮಿಗೆ ಹೋಗಿ ನೋಡಿದೆ:
ಎರಡು ಸುರುಳಿ, ಅದೂ ಇಲಿ ಕಡಿದದ್ದು.

ಯಾರೋ ಕದಿಯುತ್ತಿದ್ದಾರೆ ಎಂದುಕೊಂಡೆ.
ನಾನು ಹೊಸಬ, ವೀಸಾ ಅವರ ಕೈಯಲ್ಲಿ,
ಊರಲ್ಲಿ ತಂಗಿಗೆ ಗಂಡು ಗೊತ್ತಾಗಿತ್ತು.
ಎರಡು ವಾರ ನಿದ್ದೆಗೆಟ್ಟು, ಚೀಟಿ ಬರೆದು ಬಾಗಿಲಡಿ ತೂರಿದೆ:
ಹಗ್ಗದ ರಸೀದಿ ಸಿಕ್ಕಿಲ್ಲ.
ಸಂಜೆ ಅದೇ ಚೀಟಿ ಹೊರಬಂತು,
ಹಿಂಬದಿಗೆ ಸೊಟ್ಟ ಅಕ್ಷರದಲ್ಲಿ ಶವಾಗಾರದ ವಿಳಾಸ.

ರಸೀದಿ ಅಲ್ಲಿತ್ತು.
ಮರದ ಪೆಟ್ಟಿಗೆ, ಒಳಗೆ ಸತುವಿನ ತಗಡು, ವಿಮಾನದ ಬಾಡಿಗೆ.
ಹೆಸರು ಎಲ್ಲಯ್ಯ, ಊರು ಕರೀಂನಗರ,
ಸಾರುವೆಯಿಂದ ಬಿದ್ದವನು.
ಅವನ ಕಂಪನಿ ಆವತ್ತೇ ಕೈ ತೊಳೆದುಕೊಂಡಿತ್ತು.

ಅಜ್ಮಾನಿನಾಚೆ ಮಾಲೀಕ ಪರಾರಿಯಾದ ಹಡಗು,
ಲಂಗರಿನಲ್ಲೇ ಎಂಟು ತಿಂಗಳು, ಹದಿಮೂರು ಖಲಾಸಿಗಳು,
ಕೊನೆಗೆ ಅಕ್ಕಿಯೂ ಇಲ್ಲ: ಹಗ್ಗ.
ಪಾಸ್‌ಪೋರ್ಟು ಕಳಕೊಂಡು ಅಡುಗೆಮನೆಯಲ್ಲೇ ಮಲಗುತ್ತಿದ್ದ ಕಡಪದ ಹೆಂಗಸು: ಹಗ್ಗ.
ಸಾಲಕ್ಕೆ ಜೈಲು ಸೇರಿದ ಪೇಶಾವರದ ಟ್ಯಾಕ್ಸಿಯವ: ಹಗ್ಗ,
ಮರುವರ್ಷ ಮತ್ತೆ ಹಗ್ಗ.
ಇದು ಸುಳ್ಳು ಸಾಲ, ವಿಚಾರಿಸಿದ್ದೇನೆ, ಎಂದು ಬರೆದು ಕಳಿಸಿದೆ.
ಉತ್ತರ ಬಂತು:
ಗೊತ್ತು. ಕೊಡು.

ಹಗ್ಗವೇ ಯಾಕೆ ಎಂದು ಕೇಳುವ ಎದೆ ನನಗಿರಲಿಲ್ಲ.
ಮಂಜಿಗೆ ಮೀನೆಣ್ಣೆ ಬಳಿಯುವ ಮುದುಕನೊಬ್ಬ ಹೇಳಿದ,
ನಂಬುವುದು ಬಿಡುವುದು ನಿಮಗೆ ಸೇರಿದ್ದು:
ಮುತ್ತಿನ ಕಾಲ. ಘಾನಿಮ್ ಹನ್ನೆರಡರ ಹುಡುಗ.
ಮುಳುಗಿದವನ ಹಗ್ಗ ಹಿಡಿದು ಮೇಲೆ ಕೂರುವ ಕೆಲಸ.
ಅವನು ಜಗ್ಗಿದರೆ ಇವನು ಎಳೆಯಬೇಕು.
ಒಂದು ಮಧ್ಯಾಹ್ನ, ಖರ್ಜೂರ ತಿಂದ ಅಂಟುಗೈ,
ಬಿಸಿಲು, ತೂಕಡಿಕೆ
ಮುದುಕ ಕುಂಚ ಅದ್ದಿದ. ಮುಂದೆ ಹೇಳಲಿಲ್ಲ.
"ಕೆಳಗಿದ್ದವ ಯಾರು?" ಅಂದೆ.
"ಯಾವನೋ ಬಲೂಚಿ. ಹೆಸರು ಯಾರಿಗೆ ಬೇಕಿತ್ತು ಆಗ."

ಮುಖ ಕಂಡದ್ದು ಆ ಒಂದು ರಾತ್ರಿ.
ಕಡಮೆ ಬಿದ್ದ ಲೆಕ್ಕ ಹುಡುಕಿ ಹೊತ್ತಾಗಿತ್ತು.
ಧಕ್ಕೆಯ ದೀಪದಡಿ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕೂತು
ಯಾರೋ ಬಿಸಾಕಿಹೋದ ಹಗ್ಗದ ಸಿಕ್ಕು ಬಿಡಿಸುತ್ತಿದ್ದರು.
ನನ್ನನ್ನು ನೋಡಿ, ಕದಿಯುತ್ತಾ ಸಿಕ್ಕಿಬಿದ್ದವರಂತೆ,
ಹಗ್ಗ ಕೆಳಗಿಟ್ಟು ಎದ್ದು ನಡೆದರು.

ಅವರು ತೀರಿದಾಗ ಮಣ್ಣಿಗೆ ಹೋದವರು ಒಂಬತ್ತು ಜನ.
ಗೋಡೆಯ ಪಕ್ಕ ನಿಂತು ನೋಡಿದೆ.
ಅಲ್ಲಿ ಹಗ್ಗದಿಂದ ಇಳಿಸುವುದಿಲ್ಲ,
ಇಬ್ಬರು ಗುಂಡಿಯೊಳಗೆ ನಿಂತು ಕೈಚಾಚಿ ಇಸಿದುಕೊಂಡರು.

ಲಂಡನ್ನಿನಿಂದ ಅಣ್ಣನ ಮಗ ಬಂದ,
ಒಳ್ಳೆಯ ಹುಡುಗ, ಕುರ್ಚಿ ಎಳೆದು ಕೂರಿಸಿ ಕೇಳಿದ,
"ಇಷ್ಟು ಹಗ್ಗ ಎಲ್ಲಿದೆ?"
"ಬಳಕೆಯಲ್ಲಿದೆ" ಅಂದೆ.

ಅವನು ಒಮ್ಮೆ ಕಿಟಕಿಯಾಚೆ ಧಕ್ಕೆ ನೋಡಿದ,
ಕೆಂಪು ಪೆನ್ನಿಗೆ ಮುಚ್ಚಳ ತೆಗೆದ.